ಪೇಷಂಟ್‌ಗೆ ನೀವೇನಾಗಬೇಕು?

ಸಮಾಜಕಾರ್ಯ ಓದುವ ಹುಡುಗ ಹುಡುಗಿಯರಿಗೆ ಪ್ರಕರಣ ಅಧ್ಯಯನ ಬರೆಯೋದನ್ನು ಹೇಳಿಕೊಡುವುದು ನನ್ನ ಕೆಲಸ. ಬರೆಯುವವರು ಪ್ರಕರಣದ ಹೊರಗೆ ನಿಂತಿರಬೇಕು ಅನ್ನುವುದು ನಾನು ಮಾಡುವ ಮೊದಲ ಪಾಠ. ಈ ಸಲ ಅದನ್ನು ನಾನೇ ಮುರಿಯುತ್ತಿದ್ದೇನೆ. ಜುಲೈ ತಿಂಗಳ ಒಂದು ಶನಿವಾರ ರಾತ್ರಿ ಬೆಂಗಳೂರಿನ ಒಂದು ಹೆರಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಾದವರಲ್ಲಿ ನಾನೂ ಒಬ್ಬಳು. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ. ಆಸ್ಪತ್ರೆಯ ಹೆಸರೂ ಬೇಡ. ಆ ರಾತ್ರಿ ಆದ ಎಡವಟ್ಟಿನಲ್ಲಿ ಅವರ ಪಾಲು ಸ್ವಲ್ಪ, ನಮ್ಮ ಪಾಲೇ ಜಾಸ್ತಿ.

ಯಾರು, ಯಾಕೆ

ಎಂಟು ವರ್ಷದ ಹಿಂದೆ ನಾವೆಲ್ಲ ಒಂದು ಹವ್ಯಾಸಿ ನಾಟಕ ತಂಡದಲ್ಲಿದ್ದೆವು. ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಎರಡು ಪ್ರದರ್ಶನ ಆಯಿತು. ಎರಡನೆಯದಕ್ಕೆ ಬಂದವರು ನಲವತ್ತು ಜನ. ಅದರಲ್ಲಿ ಮೂವತ್ತು ಜನ ನಮ್ಮ ನೆಂಟರೇ. ತಂಡ ಮುಚ್ಚಿಹೋಯಿತು, ಐದು ಜನ ಮಾತ್ರ ಒಬ್ಬರನ್ನೊಬ್ಬರು ಬಿಡಲಿಲ್ಲ.

ಐವರಲ್ಲಿ ಒಬ್ಬಳು ಈ ಪ್ರಕರಣದ ಗೆಳತಿ. ಪುತ್ತೂರಿನ ಕಡೆಯವಳು, ಶ್ರೀನಗರದಲ್ಲಿ ಬಾಡಿಗೆ ಮನೆ. ಅವಳ ಗಂಡನನ್ನು ನಾವು ಭಾವ ಅಂತಲೇ ಕರೆಯುವುದು. ಅವನಿಗೆ ಆ ವಾರ ಚೆನ್ನೈನಲ್ಲಿ ಕೆಲಸ. ಉಳಿದವರಲ್ಲಿ ಅಕ್ಕ ಎಲ್ಲರಿಗಿಂತ ದೊಡ್ಡವಳು, ಎರಡು ಮಕ್ಕಳ ತಾಯಿ. ಮೇಷ್ಟ್ರು ಪಿಯುಸಿಗೆ ಫಿಸಿಕ್ಸ್ ಹೇಳಿಕೊಡುತ್ತಾರೆ. ಹುಬ್ಬಳ್ಳಿಗೆ ಊರೇ ಹೆಸರು. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಅವನ ಮಾತು ಧಾರವಾಡದ ಈಚೆಗೆ ಬಂದಿಲ್ಲ. ಆಮೇಲೆ ನಾನು.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಅದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ಇವಳಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಮಳೆ ಹಿಡಿಯಿತು. ಶಿರಾಡಿ ಘಾಟಿಯ ಗುಂಡಿಗಳಲ್ಲಿ ಬಸುರಿಯನ್ನು ಕುಲುಕಿಸಿಕೊಂಡು ಹೋಗುವುದು ಯಾರಿಗೂ ಬೇಡವಾಯಿತು. ಜೊತೆಗೆ ಅವಳ ರಕ್ತ ಓ ನೆಗೆಟಿವ್. ಮೊದಲಿಂದ ನೋಡಿದ ಡಾಕ್ಟರ್ ಹತ್ತಿರವೇ ಆಗಲಿ ಅಂತ ಅವಳೇ ಹಟ ಹಿಡಿದಳು. ಅಮ್ಮ ಮುಂದಿನ ಗುರುವಾರ ಬರುವುದು, ಭಾವ ಭಾನುವಾರ ಸಂಜೆ ವಾಪಸಾಗುವುದು, ಹೆರಿಗೆ ಇನ್ನೂ ಎರಡೂವರೆ ವಾರ ಬಿಟ್ಟು. ಹೊಟ್ಟೆಯಲ್ಲಿದ್ದವರಿಗೆ ಈ ಟೈಮ್‌ಟೇಬಲ್ ಯಾರೂ ಹೇಳಿರಲಿಲ್ಲ.

ಸಂಬಂಧದ ಕಾಲಂ

ಶನಿವಾರ ರಾತ್ರಿ 9:40ಕ್ಕೆ ಫೋನ್ ಬಂತು. "ನೀರು ಹೋಗ್ತಾ ಉಂಟು ಮಾರಾಯ್ತಿ, ನಿಲ್ತಾ ಇಲ್ಲ." ನನ್ನ ಮನೆ ಗಿರಿನಗರದಲ್ಲಿ, ಹತ್ತು ನಿಮಿಷದ ದಾರಿ. ಹೊರಡುತ್ತಾ ಅಕ್ಕನಿಗೆ ಹೇಳಿದೆ. ಅಕ್ಕ ಕೇಳಿದ್ದು ಎರಡೇ ಪ್ರಶ್ನೆ: "ಎಷ್ಟು ಗಂಟೆಗೆ ಹೋಯ್ತು? ಬಣ್ಣ ಏನಿದೆ?" ನಾನು ಎರಡನ್ನೂ ಕೇಳಿರಲಿಲ್ಲ. ನೀರು ತಿಳಿಯಾಗಿದ್ದರೆ ಸರಿ. ಹಸಿರು ಅಥವಾ ಕಂದು ಕಂಡರೆ ಮಗು ಒಳಗೇ ಕಕ್ಕ ಮಾಡಿಕೊಂಡಿದೆ ಅಂತ ಅರ್ಥ, ಒಂದು ನಿಮಿಷವೂ ತಡ ಮಾಡಬಾರದು. ಹೊತ್ತು ಯಾಕೆ ಬೇಕು ಅಂದರೆ, ನೀರು ಹೋದಮೇಲೆ ಗಂಟೆ ಉರುಳಿದಷ್ಟೂ ಸೋಂಕಿನ ಭಯ ಜಾಸ್ತಿ. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಕೇಳಿದ್ದೂ ಇದೇ ಎರಡು ಪ್ರಶ್ನೆ. ನೀರು ತಿಳಿಯಾಗಿತ್ತು.

ಮೇಷ್ಟ್ರ ಕಾರಿನಲ್ಲಿ ಹತ್ತೂವರೆಗೆ ತಲುಪಿದೆವು. ಗೆಳತಿಯನ್ನು ಗಾಲಿಕುರ್ಚಿಯಲ್ಲಿ ಒಳಗೆ ಕರೆದುಕೊಂಡು ಹೋದರು. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡುತ್ತಲೇ ಕೇಳಿದ.

"ಪೇಷಂಟ್‌ಗೆ ನೀವೇನಾಗಬೇಕು?"

"ಫ್ರೆಂಡು."

"ಫ್ರೆಂಡ್ ಅಂತ ಆಪ್ಷನ್ ಇಲ್ಲ ಮೇಡಂ. ಗಂಡ, ತಂದೆ, ತಾಯಿ, ಅತ್ತೆ, ಅಣ್ಣ, ಸಿಸ್ಟರು, ಅಷ್ಟೇ ಇರೋದು."

ಅವನ ತಪ್ಪೇನೂ ಇಲ್ಲ, ಅಲ್ವಾ? ಅವನ ಪರದೆಯಲ್ಲಿ ಇದ್ದದ್ದೇ ಅಷ್ಟು. ಅರ್ಜಿಯಲ್ಲಿ ನಾನು ಗೆಳತಿ ಅಂತ ಬರೆದಿದ್ದನ್ನು ಅವನೇ ಹೊಡೆದುಹಾಕಿ ಸಿಸ್ಟರ್ ಅಂತ ತಿದ್ದಿದ. ಆಮೇಲೆ ರಾತ್ರಿಯೆಲ್ಲ ಯಾರಾದರೂ ಸಿಸ್ಟರ್ ಅಂತ ಕೂಗಿದಾಗ ನಾನು ತಲೆ ಎತ್ತುತ್ತಿದ್ದೆ.

ಮುಂದಿನದು ಒಪ್ಪಿಗೆ ಪತ್ರ. ಸಿಸೇರಿಯನ್ ಬೇಕಾದರೆ ಇರಲಿ ಅಂತ ಮೊದಲೇ ಸಹಿ ತೆಗೆದುಕೊಳ್ಳುತ್ತಾರೆ. "ಗಂಡ ಸೈನ್ ಮಾಡಬೇಕು" ಅಂದ ಹುಡುಗ. ಗಂಡ ಚೆನ್ನೈನಲ್ಲಿ ಬಸ್ಸಿಗೆ ಓಡುತ್ತಿದ್ದ. ಇಲ್ಲಿ ನಾನು ಸುಮ್ನೆ ಇರಲಿಲ್ಲ, ಯಾಕಂದರೆ ಇದನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ. ವಯಸ್ಸಿಗೆ ಬಂದ, ಬುದ್ಧಿ ನೆಟ್ಟಗಿರುವ ರೋಗಿಯ ಒಪ್ಪಿಗೆಯನ್ನು ಅವರೇ ಕೊಡಬೇಕು. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅಲ್ಲಿ ಪರೀಕ್ಷೆಗೆ ಅಂತ ಅರಿವಳಿಕೆ ಕೊಟ್ಟು ಮಲಗಿಸಿದ್ದ ಹೆಂಗಸಿನ ತಾಯಿಯಿಂದ ಸಹಿ ಹಾಕಿಸಿಕೊಂಡು ಗರ್ಭಕೋಶ ತೆಗೆದಿದ್ದರು. ಆ ಸಹಿ ನಡೆಯುವುದಿಲ್ಲ ಅಂತ ತೀರ್ಪಾಯಿತು. ತಾಯಿಯ ಸಹಿಯೇ ನಡೆಯದ ಮೇಲೆ ಗಂಡನದು ಯಾಕೆ ಕಾಯಬೇಕು? ಡ್ಯೂಟಿ ಡಾಕ್ಟರ್ ನನ್ನ ಭಾಷಣ ಮುಗಿಯುವ ಮೊದಲೇ "ಪೇಷಂಟೇ ಸೈನ್ ಮಾಡ್ತಾರೆ, ಒಳಗೆ ಕಳಿಸಿ" ಅಂದುಬಿಟ್ಟರು. ಬಿಲ್ಲಿಗೆ ಜವಾಬ್ದಾರರು ಅನ್ನುವ ಜಾಗದಲ್ಲಿ ಸಿಸ್ಟರ್ ಆದ ನಾನು ಸಹಿ ಮಾಡಿ ಕಾರ್ಡು ಉಜ್ಜಿದೆ.

ಲೇಬರ್ ವಾರ್ಡಿನ ಒಳಗೆ ಜೊತೆಗೆ ಒಬ್ಬರಿಗೆ ಅವಕಾಶ ಇತ್ತು. ಅಕ್ಕ ಹೋದಳು. ಹೆರಿಗೆಗೆ ಜೊತೆಗಾರರನ್ನು ಬಿಡಬೇಕು ಅಂತ ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳಿಗೆ 2016ರಲ್ಲೇ ಹೇಳಿದೆ. ಹೆತ್ತ ಅನುಭವ ಇರುವ ಹೆಂಗಸಾದರೆ ಒಳ್ಳೆಯದು, ಕೊನೆಯವರೆಗೂ ಇರಬೇಕು, ಪಕ್ಕದ ಹಾಸಿಗೆಯವರ ತಂಟೆಗೆ ಹೋಗಬಾರದು, ಡಾಕ್ಟರ್ ಕೆಲಸದಲ್ಲಿ ಕೈ ಹಾಕಬಾರದು ಅಂತೆಲ್ಲ ಅದರಲ್ಲಿದೆ. ಜೊತೆಗಾರರು ಸುಮ್ನೆ ಧೈರ್ಯಕ್ಕೆ ಮಾತ್ರ ಅಲ್ಲ. 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಅನ್ನುವ ಸಂಸ್ಥೆಯ 2017ರ ವರದಿಯ ಪ್ರಕಾರ, ಪಕ್ಕದಲ್ಲಿ ಬಿಡದೆ ಒಬ್ಬರಿದ್ದರೆ ಸಹಜ ಹೆರಿಗೆ ಆಗುವ ಸಾಧ್ಯತೆ ಹೆಚ್ಚು, ನೋವು ತಿನ್ನುವ ಹೊತ್ತೂ ಸ್ವಲ್ಪ ಕಡಿಮೆ.

ಅಕ್ಕನಿಗೆ ಹೀಗೆ ಒಂದು ಕೆಲಸ ಸಿಕ್ಕಿತು. ಉಳಿದ ಮೂವರಿಗೆ ಸಿಕ್ಕಿದ್ದು ಬೆಂಚು.

ರಕ್ತ

ಹನ್ನೊಂದೂವರೆಗೆ ಡಾಕ್ಟರ್ ಬಂದು ಒಂದು ಯೂನಿಟ್ ಓ ನೆಗೆಟಿವ್ ರಕ್ತ ರಿಸರ್ವ್ ಮಾಡಿಸಿಡಿ ಅಂದರು. ಬೇಕಾಗಲಿಕ್ಕಿಲ್ಲ, ಆದರೂ ಇರಲಿ. ಓ ನೆಗೆಟಿವ್‌ನವರು ಯಾರಿಗೆ ಬೇಕಾದರೂ ಕೊಡಬಹುದು, ತೆಗೆದುಕೊಳ್ಳುವಾಗ ಮಾತ್ರ ಓ ನೆಗೆಟಿವ್ವೇ ಆಗಬೇಕು. ನಮ್ಮ ಕಡೆ ಆ ಗುಂಪಿನವರು ಸಿಗುವುದೇ ಅಪರೂಪ.

ಹುಬ್ಬಳ್ಳಿ ಎದ್ದು ನಿಂತ. ಅಷ್ಟು ಹೊತ್ತು ಮಂಕಾಗಿದ್ದ ಮುಖ ಟ್ಯೂಬ್‌ಲೈಟಿನ ಹಾಗೆ ಹತ್ತಿಕೊಂಡಿತು. "ನಂದೂ ಓ ನೆಗೆಟಿವ್ ಐತ್ರೀ! ಎಷ್ಟ್ ಬೇಕೋ ಅಷ್ಟ್ ತಗೋರಿ."

ಗೆಳತಿಯ ರಕ್ತದ ಸ್ಯಾಂಪಲ್ಲು, ಡಾಕ್ಟರ್ ಚೀಟಿ ಹಿಡಿದು ಅವನೂ ಮೇಷ್ಟ್ರೂ ಹತ್ತಿರದ ರಕ್ತನಿಧಿಗೆ ಹೋದರು. ಅಲ್ಲಿ ಕೊನೆಯ ಸಲ ಯಾವಾಗ ಕೊಟ್ಟಿದ್ದಿರಿ ಅಂತ ಕೇಳಿದರು. ಮೇ ಕೊನೆಯಲ್ಲಿ, ಆಫೀಸಿನ ಶಿಬಿರದಲ್ಲಿ. ಗಂಡಸರಿಗೆ ಎರಡು ಸಲದ ನಡುವೆ 90 ದಿನ ಆಗಿರಬೇಕು, ಹೆಂಗಸರಿಗೆ 120. ಇವನಿಗೆ ಆಗಿದ್ದು ಏಳು ವಾರ. "ನಡೀತೈತಿ ಬಿಡ್ರಿ, ನಾ ಗಟ್ಟಿ ಅದೇನಿ" ಅಂದ. ಅವರು ಒಪ್ಪಲಿಲ್ಲ. ದುಡ್ಡು ಎಷ್ಟಾದರೂ ಸರಿ ಅಂದ. ಅದಕ್ಕಂತೂ ಅವರು ಮುಖ ಗಂಟಿಕ್ಕಿದರಂತೆ. ರಕ್ತ ಮಾರುವುದು, ಕೊಳ್ಳುವುದು ಸುಪ್ರೀಂ ಕೋರ್ಟ್ ಆದೇಶದಿಂದ 1998ರ ಜನವರಿ 1ರಿಂದಲೇ ನಿಂತಿದೆ. ತೆಗೆದುಕೊಳ್ಳುವುದು ಪರೀಕ್ಷೆಯ ಖರ್ಚು ಮಾತ್ರ.

ಪುಣ್ಯಕ್ಕೆ ಅವರ ಫ್ರಿಜ್ಜಿನಲ್ಲಿ ಒಂದು ಯೂನಿಟ್ ಇತ್ತು. ಅದಕ್ಕೆ ಬದಲಾಗಿ ಮೇಷ್ಟ್ರು ತಮ್ಮ ಬಿ ಪಾಸಿಟಿವ್ ಕೊಟ್ಟರು. ಹೊಂದಿಕೆ ನೋಡಿ, ಗೆಳತಿಯ ಹೆಸರು ಬರೆದು ಅಲ್ಲೇ ಇಟ್ಟರು. ಮೊದಲೇ ತಂದಿಟ್ಟುಕೊಳ್ಳೋಣ ಅಂತ ನಾವು ಅಂದುಕೊಂಡಿದ್ದು ತಪ್ಪು. ಫ್ರಿಜ್ಜಿನಿಂದ ಹೊರಬಂದು ಅರ್ಧ ಗಂಟೆ ದಾಟಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಬೇಕು ಅಂದಾಗಲೇ ತರಬೇಕು.

ಪೌಣೆ ಎರಡಕ್ಕೆ ಇಬ್ಬರೂ ಬಂದರು. ಮೇಷ್ಟ್ರ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ, ಮೊಣಕೈಯಲ್ಲಿ ಹತ್ತಿ, ಮುಖದಲ್ಲಿ ಏನೋ ಸಾಧಿಸಿದ ಗತ್ತು. ಹುಬ್ಬಳ್ಳಿ ಬೆಂಚಿನ ಆ ತುದಿಗೆ ಹೋಗಿ ಕೂತ. "ನಾ ಬಂದಿದ್ದ ಅದಕ್ಕ ಅನ್ಕೊಂಡಿದ್ದೆ" ಅಂದ. ಅಷ್ಟೇ. ಆಗ ನಾನು ಅದನ್ನು ಗಮನಿಸಬೇಕಿತ್ತು. ಗಮನಿಸಲಿಲ್ಲ.

3:50ರ ಮೆಸೇಜು

ನಾವು ಕಾಯುತ್ತಿದ್ದ ಹಾಲ್‌ನಲ್ಲಿ ನೋಡಲು ಇದ್ದದ್ದು ಎರಡು. ಒಂದು, 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಅನ್ನುವ ಬೋರ್ಡು. 1994ರ ಕಾಯ್ದೆಯ ಪ್ರಕಾರ ಸ್ಕ್ಯಾನಿಂಗ್ ಇರುವಲ್ಲೆಲ್ಲ ಅದನ್ನು ಹಾಕಲೇಬೇಕು. ಅದನ್ನು ನಾನು ಇಪ್ಪತ್ತು ಸಲ ಓದಿರಬೇಕು. ಇನ್ನೊಂದು, ಎದುರು ಬೆಂಚಿನಲ್ಲಿ ಮಾಗಡಿ ಕಡೆಯ ಅಜ್ಜಿ. ಅವರ ಸೊಸೆಯೂ ಒಳಗಿದ್ದಳು. ಅಜ್ಜಿಯ ಪಕ್ಕ ಒಂದು ಗೋಣಿಚೀಲ, ಮಡಿಲಲ್ಲಿ ಎಲೆಅಡಿಕೆ ಚೀಲ.

ಅಕ್ಕ ಆಗಾಗ ಬಾಗಿಲಿಗೆ ಬಂದು ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಅಂತ ಹೇಳಿ ಹೋಗುತ್ತಿದ್ದಳು. ಹತ್ತು ಅಂದರೆ ಪೂರ್ತಿ ತೆರೆದ ಹಾಗೆ. ಹನ್ನೆರಡೂವರೆಗೆ ಎರಡು. ಮೂರು ಗಂಟೆಗೆ ಮೂರು. ಮೇಷ್ಟ್ರು ಔಷಧಿ ಬಿಲ್ಲಿನ ಹಿಂದೆ ಗ್ರಾಫ್ ಬರೆಯತೊಡಗಿದರು. ಗಂಟೆಗೆ ಒಂದು ಸೆಂಟಿಮೀಟರ್ ಹಿಡಿದರೆ ಹತ್ತು ಮುಟ್ಟುವುದು ಬೆಳಗ್ಗೆ ಹತ್ತಕ್ಕೆ ಅಂತ ಸರಳರೇಖೆ ಎಳೆದರು. ರೌಂಡ್ಸಿಗೆ ಬಂದ ಡಾಕ್ಟರ್ ಅದನ್ನು ನೋಡಿ ನಕ್ಕರು. ಐದು ಸೆಂಟಿಮೀಟರ್ ಆಗುವ ತನಕ ನಿಜವಾದ ಓಟ ಶುರುವಾಗುವುದೇ ಇಲ್ಲ, ಅಲ್ಲಿಯವರೆಗೆ ಎಷ್ಟು ಹೊತ್ತಾದರೂ ಆಗಬಹುದು, ಒಬ್ಬೊಬ್ಬರದು ಒಂದೊಂದು ಥರ ಅಂದರು. ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಇದನ್ನೇ ಹೇಳಿದೆ. ಗಂಟೆಗೆ ಒಂದು ಸೆಂಟಿಮೀಟರ್ ಆಗಲಿಲ್ಲ ಅಂತ ಅವಸರ ಮಾಡಬೇಡಿ ಅಂತ. ಮೇಷ್ಟ್ರು ಗ್ರಾಫ್ ಮಡಚಿ ಜೇಬಿಗೆ ಹಾಕಿದರು. ಹರಿಯಲಿಲ್ಲ.

ಪುತ್ತೂರಿನಿಂದ ಅಪ್ಪ ಅಮ್ಮ ಆಗಲೇ ಕಾರಿನಲ್ಲಿ ಹೊರಟಿದ್ದರು. ಗುಂಡ್ಯದಲ್ಲಿ ಪೊಲೀಸರು ತಡೆದರು. ಘಾಟಿಯಲ್ಲಿ ಮಣ್ಣು ಕುಸಿದಿತ್ತು. ಮೂರು ಗಂಟೆವರೆಗೆ ಕಾದು, ಹಿಂದಕ್ಕೆ ತಿರುಗಿ, ಧರ್ಮಸ್ಥಳದ ಮೇಲೆ ಚಾರ್ಮಾಡಿ ಹಿಡಿದರು. ಭಾವ ಚೆನ್ನೈ ಬಸ್ಸಿನಲ್ಲಿದ್ದ. ಎಲ್ಲರೂ ಒಂದು ವಾಟ್ಸ್ಆಪ್ ಗುಂಪಿನಲ್ಲಿದ್ದರು. ಅವತ್ತು ರಾತ್ರಿಯೇ ನಾನು ಮಾಡಿದ ಗುಂಪು ಅದು.

3:50ಕ್ಕೆ ಲೇಬರ್ ವಾರ್ಡಿನ ಬಾಗಿಲು ಅರ್ಧ ತೆರೆಯಿತು. ಸಿಸ್ಟರ್ ಒಬ್ಬರು ನಮ್ಮ ಗೆಳತಿಯ ಹೆಸರು ಕೂಗಿ "ಕಡೆಯವರು ಯಾರು?" ಅಂದರು. ನಾನು ಗೋಡೆಗೆ ಒರಗಿ ನಿದ್ದೆ ಹೋಗಿದ್ದೆ. ಮೇಷ್ಟ್ರು ಟಾಯ್ಲೆಟ್ಟಿಗೆ ಹೋಗಿದ್ದರು. ಹುಬ್ಬಳ್ಳಿ ಜಿಗಿದು ಹೋಗಿ "ನಾವ ರೀ" ಅಂದ. "ಓಟಿಗೆ ಶಿಫ್ಟ್ ಮಾಡ್ತಿದ್ದೀವಿ. ಮಗು ಎದೆಬಡಿತ ಕಮ್ಮಿ ಆಗ್ತಿದೆ" ಅಂದರು. ಬಾಗಿಲು ಮುಚ್ಚಿತು.

ಅವನು ನನ್ನನ್ನು ಎಬ್ಬಿಸಲಿಲ್ಲ. ಗುಂಪಿಗೆ ಬರೆದ: "ಆಪರೇಷನ್‌ಗೆ ಕರ್ಕೊಂಡು ಹೋದ್ರು. ಮಗೂಂದು ಎದೆಬಡಿತ ಕಮ್ಮಿ ಆಗೈತಿ. ದೇವರಿಗೆ ಬೇಡ್ಕೋರಿ."

ಅರ್ಧ ಗಂಟೆ ಬಿಟ್ಟು ಅಕ್ಕ ಬಿಸಿನೀರಿನ ಫ್ಲಾಸ್ಕ್ ಕೇಳಲು ಬಾಗಿಲಿಗೆ ಬಂದಳು. ನಮ್ಮ ಮುಖ ನೋಡಿ ಅವಳೇ ಹೆದರಿದಳು. "ಆಪರೇಷನ್ನಾ? ಯಾರಿಗೆ? ಅವಳು ಅಲ್ಲಿ ಇಡ್ಲಿ ಬೇಕು ಅಂತ ನನ್ನ ಪ್ರಾಣ ತಿಂತಿದ್ದಾಳೆ."

ಆ ರಾತ್ರಿ ಲೇಬರ್ ವಾರ್ಡಿನಲ್ಲಿ ಅದೇ ಹೆಸರಿನವರು ಇಬ್ಬರಿದ್ದರು. ಇನ್ನೊಬ್ಬಳು ಮಾಗಡಿ ಅಜ್ಜಿಯ ಸೊಸೆ. ಅಜ್ಜಿ ಕೂತಲ್ಲೇ ತೂಕಡಿಸುತ್ತಿದ್ದರು, ಮಗ ಟೀ ಕುಡಿಯಲು ಹೊರಗೆ ಹೋಗಿದ್ದ. ಅವರಿಗೆ ಸೇರಬೇಕಾದ ಸುದ್ದಿಯನ್ನು ನಮ್ಮವನು ತೆಗೆದುಕೊಂಡು ಪುತ್ತೂರಿಗೆ ಕಳಿಸಿದ್ದ.

ಮೆಸೇಜು ಅಳಿಸಿದೆವು. ಆಗಲೇ ನೀಲಿ ಟಿಕ್ ಬಿದ್ದಿತ್ತು. ಅಪ್ಪ ಅಮ್ಮ ಅದನ್ನು ಓದಿದ್ದು ಉಜಿರೆಯಲ್ಲಿ. ಆಮೇಲೆ ಚಾರ್ಮಾಡಿ ಘಾಟಿ. ಕತ್ತಲು, ಮಂಜು, ಮಳೆ. ನೆಟ್‌ವರ್ಕ್ ಹೋಯಿತು. ಕೊಟ್ಟಿಗೆಹಾರ ಮುಟ್ಟಿ ಫೋನ್ ಸಿಗುವಾಗ ಐದೂವರೆ ದಾಟಿತ್ತು. ಒಂದೂವರೆ ಗಂಟೆ ಅವರಿಬ್ಬರೂ ಕಾರಿನಲ್ಲಿ ಏನು ಮಾಡಿದರು ಅಂತ ನಾನು ಆಮೇಲೆ ಅಮ್ಮನನ್ನು ಕೇಳಿದೆ. "ಎಂತ ಮಾಡುವುದು? ನಾನು ಮಾತಾಡ್ಲಿಲ್ಲ, ಅವರೂ ಮಾತಾಡ್ಲಿಲ್ಲ" ಅಂದರು. ಭಾವ ಕೃಷ್ಣಗಿರಿ ಹತ್ತಿರ ಇದ್ದ. ನನಗೆ ಒಂಬತ್ತು ಸಲ ಫೋನ್ ಮಾಡಿದ್ದಾನೆ. ನನ್ನ ಫೋನು ಸೈಲೆಂಟಾಗಿ ಬ್ಯಾಗಿನಲ್ಲಿತ್ತು. ಅಲ್ಲಿಂದ ಬೆಂಗಳೂರಿನವರೆಗೆ ಅವನು ಸೀಟಿನಲ್ಲಿ ಕೂರಲೇ ಇಲ್ಲವಂತೆ, ಡ್ರೈವರ್ ಪಕ್ಕ ನಿಂತೇ ಬಂದ.

ಬೆಳ್ಳುಳ್ಳಿ

ಹುಬ್ಬಳ್ಳಿ ಅಜ್ಜಿಯ ಹತ್ತಿರ ಹೋಗಿ ಎಲ್ಲ ಹೇಳಿದ. ಅಜ್ಜಿ ಬೈಯ್ಯುತ್ತಾರೆ ಅಂತ ನಾನು ಕಾದಿದ್ದೆ. ಮಗ ಅಷ್ಟರಲ್ಲಿ ಮೇಲೆ ಓಡಿದ್ದ. ಸ್ವಲ್ಪ ಹೊತ್ತಿಗೆ ಅವನೇ ಇಳಿದು ಬಂದು ಗಂಡುಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂದ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಹುಬ್ಬಳ್ಳಿಯ ಕಡೆ ತಿರುಗಿದರು.

"ಆ ಹುಡ್ಗಿ ನಿಂಗೇನಾಗ್ಬೇಕಪ್ಪಾ?"

"ಫ್ರೆಂಡ್ ರೀ ಅಜ್ಜಿ."

"ಫ್ರೆಂಡು ಸರಿ. ಏನಾಗ್ಬೇಕು?"

ಅವನಿಗೆ ಉತ್ತರ ಹೊಳೆಯಲಿಲ್ಲ. ಅಜ್ಜಿ ಗೋಣಿಚೀಲದ ಬಾಯಿ ಬಿಚ್ಚಿದರು. ಒಳಗೆ ನಾಟಿ ಬೆಳ್ಳುಳ್ಳಿ, ಎರಡು ಕೆಜಿಗೆ ಕಮ್ಮಿ ಇಲ್ಲ. ಸೊಸೆಯ ಬಾಣಂತನಕ್ಕೆ ತಂದಿದ್ದು. "ಸುಮ್ಕೆ ಕೂತ್ರೆ ತಲೆ ಕೆಡ್ತದೆ. ತಕ, ಸುಲಿ" ಅಂದು ಅವನ ಮಡಿಲಿಗೆ ಎರಡು ಬೊಗಸೆ ಸುರಿದರು.

ನಾಟಿ ಬೆಳ್ಳುಳ್ಳಿ ಸುಲಿಯುವುದು ಗೊತ್ತಲ್ಲ? ಎಸಳು ಕಡಲೆಬೀಜಕ್ಕಿಂತ ಸಣ್ಣದು. ಸಿಪ್ಪೆ ಬೆರಳಿಗೆ ಅಂಟುತ್ತದೆ, ಎಸಳಿಗೆ ಬಿಡುವುದಿಲ್ಲ. ಹುಬ್ಬಳ್ಳಿ ಹತ್ತು ಎಸಳಿಗೆ ಹೆಬ್ಬೆರಳಿನ ಉಗುರಿನ ಸಂದು ಕೆಂಪು ಮಾಡಿಕೊಂಡ. ಅಜ್ಜಿ ಅವನ ಕೈ ಹಿಡಿದು ತೋರಿಸಿದರು: ಬುಡದ ತುದಿ ಉಗುರಿನಲ್ಲಿ ಚಿವುಟು, ಆಮೇಲೆ ಎರಡು ಅಂಗೈ ನಡುವೆ ಹಾಕಿ ತಿಕ್ಕು, ಊದು. ಸಿಪ್ಪೆ ಹಾರಿತು. ಮೇಷ್ಟ್ರು ತಾವೂ ಟವಲ್ ಹಾಸಿಕೊಂಡು ಕೂತರು. ರಕ್ತ ಕೊಟ್ಟ ಕೈಗೆ ಭಾರ ಹಾಕಬೇಡಿ ಅಂದಿದ್ದಾರೆ ಅಂತ ಒಂದೇ ಕೈಯಲ್ಲಿ ಸುಲಿಯಲು ನೋಡಿ ನಗೆಪಾಟಲಾದರು. ನಾನೂ ಸೇರಿದೆ. ಐದು ಗಂಟೆಗೆ ಸೆಕ್ಯೂರಿಟಿಯವರು ಬಂದು "ಇದೇನ್ ಅಜ್ಜೀ, ಮದುವೆ ಮನೆ ಮಾಡಿಬಿಟ್ರಲ್ಲ, ಸಿಪ್ಪೆ ಯಾರು ಗುಡಿಸ್ತಾರೆ?" ಅಂದರು. ಅಜ್ಜಿ ಅವರ ಕೈಗೂ ಒಂದು ಗಡ್ಡೆ ಕೊಡಲು ಹೋದರು. ಅವರು ನಗುತ್ತಾ ಹೋದರು. ಹಾಲ್‌ನಲ್ಲಿದ್ದ ಡೆಟಾಲ್ ವಾಸನೆ ಅಷ್ಟು ಹೊತ್ತಿಗೆ ಸೋತಿತ್ತು.

ಸುಲಿಯುತ್ತಾ ಅಜ್ಜಿ ತಮ್ಮ ಕಥೆ ಹೇಳಿದರು. ನಾಲ್ಕು ಹೆರಿಗೆ, ನಾಲ್ಕೂ ಮನೆಯಲ್ಲೇ, ಒಬ್ಬಳೇ ಸೂಲಗಿತ್ತಿಯ ಕೈಯಲ್ಲಿ. ಪಕ್ಕದ ಮನೆಯವಳು ನೀರು ಕಾಯಿಸುವುದು, ಎದುರು ಮನೆಯವಳು ದೊಡ್ಡ ಮಗುವನ್ನು ಎತ್ತಿಕೊಂಡು ಹೋಗಿ ಮಲಗಿಸುವುದು, ಯಾರೋ ಒಬ್ಬಳು ಹಳೇ ಸೀರೆ ಹರಿದು ಬಟ್ಟೆ ಮಾಡುವುದು. ಅವರೆಲ್ಲ ಏನಾಗಬೇಕಿತ್ತು? ಏನೂ ಆಗಬೇಕಿರಲಿಲ್ಲ, ಕೇರಿಯವರು ಅಷ್ಟೇ. ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಅಜ್ಜಿಯ ನಾಲ್ಕರಲ್ಲಿ ಉಳಿದದ್ದು ಎರಡು. ಪಾವಗಡದ ಸೂಲಗಿತ್ತಿ ನರಸಮ್ಮನವರಂಥವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅಂಥ ಕೈ ಎಲ್ಲ ಊರಿಗೂ ಸಿಗಲಿಲ್ಲ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಶುರುವಾಗಿದ್ದು 1935ರಲ್ಲಿ. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದಿದ್ದು ಒಳ್ಳೆಯದೇ. ಬರುವಾಗ ಕೇರಿಯವರ ಕೈಯಲ್ಲಿದ್ದ ಕೆಲಸಗಳೆಲ್ಲ ಸಿಸ್ಟರ್‌ಗೆ, ಆಯಾಗೆ, ಲ್ಯಾಬಿಗೆ ಹೋದವು. ಕೇರಿಯವರು ಬಾಗಿಲಾಚೆ ಬೆಂಚಿನ ಮೇಲೆ ಉಳಿದರು, ಕೈಯಲ್ಲಿ ಫೋನ್ ಹಿಡಿದುಕೊಂಡು.

ಬೆಡ್ ಆರು

ಭಾವ ಆರೂವರೆಗೆ ಬಂದ. ಅವನಿಗೆ ಒಳಗೆ ಹೋಗಬೇಕು, ಆದರೆ ಒಬ್ಬರಿಗೇ ಅವಕಾಶ. ಡಾಕ್ಟರ್ ಗೆಳತಿಯನ್ನೇ ಕೇಳಿದರು. ಅವಳು ಗಂಡನನ್ನು ಬಾಗಿಲಲ್ಲಿ ಎರಡು ನಿಮಿಷ ನೋಡಿ, ಕೈ ಹಿಡಿದು, "ನೀವು ಹೊರಗೆ ಇರಿ, ಅಕ್ಕ ಇರಲಿ" ಅಂದಳು. ಅವನ ಮುಖ ನೋಡಲಾಗಲಿಲ್ಲ. ಆದರೆ ಅದು ಅವಳ ಮಾತು. ಜೊತೆಗಾರರು ಯಾರು ಅಂತ ಹೆರುವವಳೇ ಆರಿಸಬೇಕು ಅಂತ ವ್ಯವಸ್ಥೆ ಮಾಡಿದ ಮೇಲೆ ಆರಿಸಿದ್ದನ್ನು ಒಪ್ಪಿಕೊಳ್ಳಲೂ ಬೇಕಲ್ಲ. ಭಾವ ಬಂದು ಬೆಂಚಿನ ಮೇಲೆ ಕೂತ. ಮೂವರು ಇದ್ದವರು ನಾಲ್ವರಾದೆವು. ಅಜ್ಜಿ ಮೊಮ್ಮಗನನ್ನು ನೋಡಲು ಮೇಲೆ ಹೋಗುವಾಗ ಸುಲಿಯದ ಬೆಳ್ಳುಳ್ಳಿ ಬಿಟ್ಟು ಹೋಗಿದ್ದರು. ಅವನ ಕೈಗೂ ಕೊಟ್ಟೆವು.

ಬೆಳಗಿನ ಹೊತ್ತನ್ನು ಬೇಗ ಹೇಳಿಬಿಡುತ್ತೇನೆ. ಏಳೂವರೆಗೆ ಆರು ಸೆಂಟಿಮೀಟರ್. ಒಂಬತ್ತಕ್ಕೆ ಇನ್ಶೂರೆನ್ಸ್ ಕೌಂಟರ್ ತೆರೆಯಿತು, ಭಾವನನ್ನು ಅಲ್ಲಿಗೆ ಕಳಿಸಿದೆವು. ಮೇಷ್ಟ್ರು ದರ್ಶಿನಿಯಿಂದ ಇಡ್ಲಿ ತಂದರು. ಆಗ ಒಳಗಿದ್ದವಳಿಗೆ ಇಡ್ಲಿ ನೋಡುವ ಸ್ಥಿತಿಯೂ ಇರಲಿಲ್ಲ. ಹತ್ತರ ಮೇಲೆ ಅಕ್ಕ ಬಾಗಿಲಿಗೆ ಬರುವುದೇ ನಿಂತಿತು.

11:40ರ ಸುಮಾರಿಗೆ ಬಾಗಿಲು ತೆರೆಯಿತು. ಸಿಸ್ಟರ್ ಕೈಯಲ್ಲಿ ಹಸಿರು ಬಟ್ಟೆಯ ಗಂಟು. ಹೆಸರು ಕೂಗಿ "ಕಡೆಯವರು ಯಾರು?" ಅಂದರು.

ನಾಲ್ಕು ಜನ ಒಟ್ಟಿಗೆ ಕೇಳಿದೆವು: "ಯಾವ ಬೆಡ್ಡು?"

ಸಿಸ್ಟರ್‌ಗೆ ನಗು ಬಂತು. "ಬೆಡ್ ಆರು. ಹೆಣ್ಣುಮಗು. ಎರಡು ಕೆಜಿ ಏಳುನೂರು. 11:26ಕ್ಕೆ."

ಎಲ್ಲಿ ತಪ್ಪಿತು

ವಿದ್ಯಾರ್ಥಿಗಳು ಈ ಪ್ರಕರಣ ಓದಿದರೆ ಮೊದಲು ಬೆರಳು ತೋರಿಸುವುದು ಆಸ್ಪತ್ರೆಯ ಕಡೆಗೆ. ಒಂದೇ ಹೆಸರಿನವರು ಇಬ್ಬರಿರುವಾಗ ಬಾಗಿಲಲ್ಲಿ ಹೆಸರು ಮಾತ್ರ ಕೂಗಬಾರದಿತ್ತು. ಬೆಡ್ ನಂಬರ್ ಹೇಳಬೇಕಿತ್ತು, ಕೇಳಿದವರು ಯಾರು ಅಂತ ವಿಚಾರಿಸಬೇಕಿತ್ತು. ಇದು ನಿಜ. ನಾಲ್ಕು ದಿನ ಬಿಟ್ಟು ಡಿಸ್‌ಚಾರ್ಜ್ ಆಗುವಾಗ ಬರೆದೂ ಕೊಟ್ಟೆ. ಅದರಿಂದಾಚೆ ಅವರ ಮೇಲೆ ನನಗೆ ಹೇಳಲು ಜಾಸ್ತಿ ಇಲ್ಲ.

ಎರಡನೆಯ ಬೆರಳು ಹುಬ್ಬಳ್ಳಿಯ ಕಡೆಗೆ. ಕೇಳಿದ್ದನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳದೆ, ಪಕ್ಕದಲ್ಲಿ ಮಲಗಿದ್ದವಳನ್ನು ಎಬ್ಬಿಸದೆ ಮೆಸೇಜು ಹಾಕಿದ. ಇದೂ ನಿಜ. ಆದರೆ ಯಾಕೆ ಹಾಗೆ ಮಾಡಿದ? ಅವನು ಅವಸರದ ಮನುಷ್ಯ ಅಲ್ಲ. ನಾಟಕದ ದಿನಗಳಲ್ಲಿ ಮಾತು ಮರೆತವರಿಗೆ ಪರದೆ ಹಿಂದಿನಿಂದ ಮಾತು ಹೇಳಿಕೊಡುತ್ತಿದ್ದವನು ಅವನೇ, ಒಂದು ದಿನವೂ ತಪ್ಪು ಸಾಲು ಹೇಳಿದವನಲ್ಲ. ಹಿಂದಕ್ಕೆ ಹೋಗಿ ನೋಡಿದರೆ ಬೇರು ಇರುವುದು ಪೌಣೆ ಎರಡರಲ್ಲಿ. ಅಕ್ಕನಿಗೆ ಒಳಗೆ ಕೆಲಸ. ನನಗೆ ಕಾಗದ, ದುಡ್ಡು, ಸಹಿ. ಮೇಷ್ಟ್ರಿಗೆ ಕಾರು, ರಕ್ತ, ಗ್ರಾಫ್ ಕೂಡ. ತಾನೇ ಕೊಡಬಹುದಾದದ್ದನ್ನು ಬೇಡ ಅಂತ ಹಿಂದಕ್ಕೆ ಕಳಿಸಿದ್ದು ಅವನೊಬ್ಬನನ್ನೇ. ಆಮೇಲೆ ಎರಡು ಗಂಟೆ ಅವನು ಬರಿಗೈಯಲ್ಲಿ ಕೂತಿದ್ದ. ಬಾಗಿಲು ತೆರೆದು ಯಾರೋ ಕರೆದಾಗ ಕೊನೆಗೂ ಒಂದು ಕೆಲಸ ಬಂತು, ಹಿಡಿದುಕೊಂಡ. ಸುದ್ದಿ ಮುಟ್ಟಿಸುವ ಕೆಲಸ.

ಮೂರನೆಯ ಬೆರಳು ನನ್ನ ಕಡೆಗೆ, ಅದನ್ನು ನಾನೇ ತೋರಿಸಿಕೊಳ್ಳುತ್ತೇನೆ. ಗುಂಪು ಮಾಡಿದವಳು ನಾನು. ಎಲ್ಲರನ್ನೂ ಸೇರಿಸಿದೆ, ಎಲ್ಲರೂ ಬರೆಯಬಹುದು ಅಂತ ಬಿಟ್ಟೆ. ಮನೆಯವರಿಗೆ ಸುದ್ದಿ ಯಾರು ಹೇಳಬೇಕು ಅಂತ ಯಾರೂ ಮಾತಾಡಿರಲಿಲ್ಲ. ರಾತ್ರಿ ಹನ್ನೊಂದರಿಂದ 3:50ರವರೆಗೆ ಆ ಗುಂಪಿಗೆ ನಾವು ನಾಲ್ವರೂ ಸೇರಿ ಹಾಕಿದ ಮೆಸೇಜು 37. ಆಮೇಲೆ ಕೂತು ಎಣಿಸಿದೆ. ಅದರಲ್ಲಿ ಸೆಂಟಿಮೀಟರ್ ಲೆಕ್ಕವೇ ಮೂರು ಥರ ಇದೆ. ಕಾರಿನಲ್ಲಿದ್ದವರು ಯಾವುದನ್ನು ನಂಬಬೇಕಿತ್ತು? ಮಗಳ ನೀರು ಹೋಗಿದೆ ಅಂತ ಗೊತ್ತಾದ ತಂದೆತಾಯಿಗೆ ಘಾಟಿ ದಾರಿಯಲ್ಲಿ ಇಷ್ಟು ಬೇಕಿರಲಿಲ್ಲ. 'ಚೆನ್ನಾಗಿದ್ದಾಳೆ, ಇನ್ನೂ ಹೊತ್ತಿದೆ, ನಿಧಾನ ಬನ್ನಿ' ಅಂತ ಒಂದೇ ಬಾಯಿಂದ ಎರಡು ಗಂಟೆಗೊಮ್ಮೆ ಬಂದಿದ್ದರೆ ಸಾಕಿತ್ತು.

ಸರಿಯಾಗಿ ನಡೆದದ್ದೂ ಇದೆ. ನೀರಿನ ಬಣ್ಣ, ಹೊತ್ತು ಕೇಳಿದ್ದು. ಒಪ್ಪಿಗೆಯನ್ನು ಅವಳೇ ಕೊಟ್ಟಿದ್ದು. ಅಕ್ಕ ಹದಿಮೂರು ಗಂಟೆ ಅಲ್ಲಾಡದೆ ಇದ್ದದ್ದು. ಬೆಳ್ಳುಳ್ಳಿಯನ್ನು ಪಾಠದಲ್ಲಿ ಯಾವ ಶೀರ್ಷಿಕೆಯ ಕೆಳಗೆ ಸೇರಿಸಬೇಕು ಅಂತ ಇನ್ನೂ ಯೋಚಿಸುತ್ತಿದ್ದೇನೆ.

ಆಮೇಲೆ

ಅಪ್ಪ ಅಮ್ಮ ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಬಂದರು. ಅಮ್ಮ ನೇರ ಒಳಗೆ ಹೋದರು. ಅಪ್ಪ ಹಾಲ್‌ನಲ್ಲಿ ನಿಂತು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಆ ಮೆಸೇಜ್ ಹಾಕಿದ್ದು ಯಾರು?" ಹುಬ್ಬಳ್ಳಿ ಕೈ ಎತ್ತಿದ, ಶಾಲೆ ಹುಡುಗನ ಹಾಗೆ. ಕೈ ಬೆಳ್ಳುಳ್ಳಿ ನಾರುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ನೀವು ಊಟ ಮಾಡಿದ್ರಾ?" ಅಂದರು. ಅವನು ಆಗ ಅತ್ತ. ಅದುವರೆಗೆ ಅತ್ತಿರಲಿಲ್ಲ.

ರಿಸರ್ವ್ ಮಾಡಿದ್ದ ರಕ್ತ ಬೇಕಾಗಲಿಲ್ಲ, ಬೇರೆಯವರಿಗೆ ಕೊಡಿ ಅಂತ ತಿಳಿಸಿದೆವು. ಮಗುವಿನ ಗುಂಪು ಓ ಪಾಸಿಟಿವ್ ಬಂತು. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಹೆರಿಗೆಯ ಹೊತ್ತಿನಲ್ಲಿ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸ್ವಲ್ಪ ಸೇರಿ, ಅದರ ವಿರುದ್ಧ ತಾಯಿಯ ದೇಹ ಸಜ್ಜಾಗಬಹುದು. ಈ ಮಗುವಿಗೆ ಏನೂ ಆಗುವುದಿಲ್ಲ, ಮುಂದಿನ ಮಗುವಿಗೆ ತೊಂದರೆ. ಅದಕ್ಕೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಡಬೇಕು. ಅದನ್ನು ನೆನಪಿಟ್ಟುಕೊಂಡು, ಚೀಟಿ ಬರೆಸಿ, ಔಷಧಿ ಅಂಗಡಿಯಿಂದ ತಂದು ಸಿಸ್ಟರ್ ಕೈಗೆ ಕೊಟ್ಟವನು ಹುಬ್ಬಳ್ಳಿ. ಬೆಡ್ ನಂಬರ್ ಎರಡು ಸಲ ಹೇಳಿದನಂತೆ.

ಜನನ ನೋಂದಣಿಯ ಫಾರಂ ತುಂಬಿದ್ದು ನಾನು. 21 ದಿನದೊಳಗೆ ಆದರೆ ಶುಲ್ಕ ಇಲ್ಲ. ಹೆಸರಿನ ಜಾಗ ಖಾಲಿ ಬಿಟ್ಟೆವು. ಅದನ್ನು ವರ್ಷದೊಳಗೆ ಸೇರಿಸಬಹುದು.

ಡಿಸೆಂಬರಿನಲ್ಲಿ ಮೇಷ್ಟ್ರ ಹೆಂಡತಿಗೆ ಹೆರಿಗೆ. ಪಟ್ಟಿ ಆಗಲೇ ತಯಾರಾಗಿದೆ. ಒಳಗೆ ಇರುವವರು ಅವರ ಅಮ್ಮ. ಮನೆಯವರಿಗೆ ಫೋನ್ ಮಾಡುವವಳು ಅಕ್ಕ, ಅವಳೊಬ್ಬಳೇ. ಕಾಗದ, ದುಡ್ಡು ನನಗೆ. ಫೋನಿನ ಕೆಲಸ ಈ ಸಲ ತನಗೆ ಕೊಡ್ರಿ ಅಂತ ಹುಬ್ಬಳ್ಳಿ ಕೇಳಿದ. ಯಾರೂ ಒಪ್ಪಲಿಲ್ಲ. ಅವನ ಹೆಸರಿನ ಮುಂದೆ ಬರೆದಿದೆ: ಫ್ಲಾಸ್ಕು, ಟವಲ್, ನಾಟಿ ಬೆಳ್ಳುಳ್ಳಿ ಒಂದು ಕೆಜಿ.